ವಾಟೆಯ ಆಚೆಗಿನ ಪಾಲು

ಆಸ್ತಿ ಪಾಲಾದ ಮಳೆಗಾಲದಲ್ಲೇ ಗ್ರೆಗರಿ ದೊಡ್ಡಪ್ಪ ಎರಡು ಮನೆಗಳ ನಡುವೆ ವಾಟೆ ಬಿದಿರು ನೆಟ್ಟರು. ಬೇಲಿಗೆ ಮುಳ್ಳು ಸಾಕಿತ್ತು. ಆದರೆ ಮುಳ್ಳಿನ ಸಂದಿಯಲ್ಲಿ ಮುಖ ಕಾಣುತ್ತದೆ.

ಅಜ್ಜಿ ವೆರೊನಿಕಾ ಕಿರಿಮಗನಾದ ನನ್ನ ಅಪ್ಪ ಹಿಲರಿಯ ಜೊತೆ ಉಳಿದದ್ದೇ ದೊಡ್ಡಪ್ಪನ ಸಿಟ್ಟಿಗೆ ಕಾರಣ. "ದೊಡ್ಡವನ ಮನೆಯ ಗಂಜಿ ನನಗೆ ಇಳಿಯುವುದಿಲ್ಲ" ಎಂದು ಅವಳು ನಮ್ಮೂರು ಬಂದ್ಯೋಡಿನ ನಾಲ್ಕು ಜನರ ಎದುರೇ ಹೇಳಿದ್ದಳು. ಅವರ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ.

ದೊಡ್ಡಪ್ಪ ಬೇಸಗೆಯಲ್ಲಿ ವಾಟೆಗೆ ನೀರು ಹೊತ್ತರು, ಬುಡಕ್ಕೆ ಸೆಗಣಿ, ಬೂದಿ ಹಾಕಿದರು, ಮಳೆಗೆ ಮುಂಚೆ ಮಣ್ಣು ಏರಿಸಿದರು. ತೆಂಗಿಗೂ ಅಷ್ಟು ಮಾಡಿದವರಲ್ಲ. ವಾಟೆ ಮನೆಯ ಮಾಡಿಗಿಂತ ಎತ್ತರ ಬೆಳೆಯಿತು, ಸುಡುಬಿಸಿಲಲ್ಲೂ ಹಸುರು ಬಿಡಲಿಲ್ಲ. ಆಚೆಯಿಂದ ಕೆಮ್ಮು ಮಾತ್ರ ಕೇಳುತ್ತಿತ್ತು.

ಮೊಂತಿ ಹಬ್ಬದ ದಿನ ಇಗರ್ಜಿಯಿಂದ ತಂದ ಹೊಸ ತೆನೆಯ ಕಾಳು ಸುಲಿದು, ಮನೆಯ ಹಿರಿಯರು ಪ್ರತಿಯೊಬ್ಬರ ಕೈಗೆ ಕೊಡಬೇಕು. ಆಮೇಲೆಯೇ ಊಟ. ಅಜ್ಜಿ ಪ್ರತಿವರ್ಷ ವಾಟೆಯ ಸಂದಿಯಲ್ಲಿ ಕೈ ತೂರಿಸುತ್ತಿದ್ದಳು. ಆಚೆಯಿಂದ ಇನ್ನೊಂದು ಕೈ ಬಂದು ಕಾಳು ತೆಗೆದುಕೊಳ್ಳುತ್ತಿತ್ತು. ಮಾತಿಲ್ಲ. ಅಷ್ಟರ ಮಟ್ಟಿಗೆ ದೊಡ್ಡಪ್ಪ ಅವಳ ಮಗನಾಗಿ ಉಳಿದಿದ್ದರು.

ನಾನು ಬಿ.ಎ. ಮುಗಿಸಿ ಬಂದ ವರ್ಷ, ರೇಷನ್ ಅಕ್ಕಿಯ ಕಾಲ, ಹೊಸ ಕಳಲೆಗಳೆದ್ದು ಆ ಸಂದಿ ಮುಚ್ಚಿತ್ತು. ಅಜ್ಜಿಯ ಬೆರಳು ಮಾತ್ರ ಒಳಗೆ ಹೋಯಿತು. ಕಳಲೆಯ ಮೇಲಿನ ತುರಿಸುವ ಸುಂಕು ಕೈಗೆಲ್ಲ ಹತ್ತಿತು.

"ಗ್ರೆಗರಿ, ಒಂದು ಕಳಲೆ ಕಡಿ, ಪುತಾ."

"ಕಡಿಯಲಿಕ್ಕೆ ನೆಟ್ಟದ್ದಾ?"

"ಒಂದೇ ಒಂದು. ಕೈ ಬರುವಷ್ಟು."

"ಸುತ್ತಿ ಬನ್ನಿ. ದಾರಿ ಉಂಟು. ಗಂಜಿಯೂ ಉಂಟು, ಇಳಿಯುವುದಾದರೆ."

ಅಪ್ಪ ಜಗಲಿಯಿಂದ ಕೂಗಿದರು: "ಮಾಯ್, ಒಳಗೆ ಬನ್ನಿ. ಅವನ ಹತ್ತಿರ ಎಂತಕ್ಕೆ ಬೇಡುವುದು?"

"ಬೇಡಲಿ, ಬೇಡಲಿ. ನಿನ್ನ ಮನೆಯಲ್ಲಿ ಅಭ್ಯಾಸ ಆಗಿರಬೇಕು," ಎಂದರು ದೊಡ್ಡಪ್ಪ ಆಚೆಯಿಂದ.

ಬೆರಳುಗಳು ತುಂಬ ಹೊತ್ತು ಅಲ್ಲೇ ಇದ್ದವು. ಆಚೆ ಉಸಿರು ಕೇಳುತ್ತಿತ್ತು. ದೊಡ್ಡಪ್ಪನ ಸೊಂಟದಲ್ಲಿ ಯಾವಾಗಲೂ ಕತ್ತಿ ಇರುತ್ತಿತ್ತು.

ಅಜ್ಜಿ ಕೈ ಎಳೆದುಕೊಂಡಳು. ಒಳಗೆ ಬಂದು ನಮಗೆಲ್ಲ ಕಾಳು ಹಂಚಿದಳು. ಮುಷ್ಟಿಯಲ್ಲಿ ಉಳಿದಿದ್ದ ದೊಡ್ಡಪ್ಪನ ಪಾಲನ್ನು ತಾನೇ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು ನುಂಗಿದಳು.

"ಬಡಿಸು," ಎಂದಳು ಅಮ್ಮನಿಗೆ, ತುರಿಸುತ್ತಿದ್ದ ಕೈ ಉಜ್ಜಿಕೊಳ್ಳುತ್ತ.

ಊಟದ ನಡುವೆ ವಾಟೆಯ ಕಡೆಯಿಂದ ಕತ್ತಿಯ ಒಂದು ಪೆಟ್ಟು ಕೇಳಿಸಿತು. ಆಮೇಲೆ ಇನ್ನೊಂದು. ಅಪ್ಪ ತಲೆಯೆತ್ತಿ ಅಜ್ಜಿಯನ್ನು ನೋಡಿದರು.

"ಇನ್ನೊಂದು ಸೌಟು ಸಾರು ಹಾಕು," ಎಂದಳು ಅವಳು.