ಮೂರನೇ ಸಲ ಯಾರೂ ಕೇಳಲಿಲ್ಲ

ನಮ್ಮ ಬೀದಿಯ ಮರಗಳು ನೆತ್ತಿಯಿಂದ ಒಣಗುತ್ತಾ ಬಂದವು. ಮೊದಲು ಮೇಲಿನ ಒಂದೆರಡು ಕೊಂಬೆಗಳಲ್ಲಿ ಎಲೆ ಬರಲಿಲ್ಲ. ಮರುವರ್ಷ ಇನ್ನಷ್ಟು ಕೊಂಬೆ ಬೋಳಾದವು. ಮರಕುಟಿಗಗಳು ತೊಗಟೆ ಸುಲಿದು ಹಾಕುತ್ತಿದ್ದವು. ನಾವು ಕೆಳಗೆ ನಿಂತು ಕತ್ತೆತ್ತಿ ನೋಡಿ, "ಈ ಸಲ ಚಳಿ ಜಾಸ್ತಿಯಾಯ್ತು, ಅದಕ್ಕೇ ಇರಬೇಕು" ಎಂದು ಹೇಳಿಕೊಂಡು ಒಳಗೆ ಹೋಗುತ್ತಿದ್ದೆವು.

ನಮ್ಮದು ಅಮೆರಿಕದ ಮಿನ್ನೆಸೋಟ ರಾಜ್ಯದ ಸಣ್ಣ ಊರು, ಟೋರ್ಡಾಲ್. ನಮ್ಮ ಥರ್ಡ್ ಸ್ಟ್ರೀಟಿನ ಎರಡೂ ಬದಿಗೆ ಇದ್ದದ್ದು ಒಂದೇ ಜಾತಿಯ ಮರ, ಆ್ಯಶ್. ಅದಕ್ಕೂ ಮೊದಲು ಪೂರಾ ಎಲ್ಮ್ ಮರಗಳಿದ್ದವಂತೆ. ಒಂದು ರೋಗ ಬಂದು ಅಷ್ಟೂ ಹೋದವು. ಆಗಿನ ಹಿರಿಯರು ಬುದ್ಧಿ ಕಲಿತರು ಎನ್ನುವ ಹಾಗಿಲ್ಲ. ಎಲ್ಮ್ ಇದ್ದ ಗುಂಡಿಗಳಲ್ಲೆಲ್ಲ ಆ್ಯಶ್ ನೆಟ್ಟರು. ಸಾಲಾಗಿ ಒಂದೇ ತರಹ ಇದ್ದರೆ ನೋಡಲು ಚೆಂದ ಎಂದರಂತೆ. ಚೆಂದವೇನೋ ಇತ್ತು. ಬೇಸಿಗೆಯಲ್ಲಿ ಬೀದಿಯ ಮೇಲೆ ಹಸಿರು ಚಪ್ಪರ ಹಾಕಿದಂತಿರುತ್ತಿತ್ತು.

ಇನ್ನು ನಮ್ಮೂರಿನವರ ಒಂದು ಚಾಳಿಯ ವಿಷಯ ಹೇಳಬೇಕು. ಯಾರಾದರೂ ಏನಾದರೂ ಕೊಡಲು ಬಂದರೆ ನಾವು ಮೊದಲ ಸಲ ಬೇಡ ಅನ್ನುತ್ತೇವೆ. ಎರಡನೇ ಸಲ ಕೇಳಿದರೆ "ಅಯ್ಯೋ, ನಿಮಗ್ಯಾಕೆ ತೊಂದರೆ" ಅನ್ನುತ್ತೇವೆ. ಮೂರನೇ ಸಲ ಕೇಳಿದ ಮೇಲೆಯೇ "ಸರಿ ಹಾಗಾದ್ರೆ, ಅರ್ಧ ಕಪ್ ಕೊಡಿ" ಎಂದು ಕಾಫಿಗೆ ಕೈಚಾಚುವುದು. ಮೊದಲ ಮಾತಿಗೇ ಹೂಂ ಅಂದವನು ಆಸೆಬುರುಕ. ಕಾಫಿಯ ವಿಷಯದಲ್ಲಿ ಈ ನಾಚಿಕೆಯಿಂದ ಯಾರಿಗೂ ನಷ್ಟವಿಲ್ಲ. ಕಾಫಿ ಆರುತ್ತದೆ, ಅಷ್ಟೆ.

ಊರಿನ ಕೌನ್ಸಿಲ್‌ನಲ್ಲಿ ಮರ, ಪಾರ್ಕುಗಳ ಹೊಣೆ ಓರ್ಲಿನ್ ಟ್ವೈಟ್‌ನದು. ಹಾಲಿನ ಲಾರಿ ಓಡಿಸುವವನು, ಒಳ್ಳೆಯ ಮನುಷ್ಯ. ಯಾರ ಮನೆಯ ಹಿಮ ತೆಗೆಯಬೇಕಾದರೂ ಹೇಳದೇ ಬಂದು ತೆಗೆದುಹೋಗುವವನು. ಒಂದು ದಿನ ರಾಜ್ಯದ ಅರಣ್ಯ ಇಲಾಖೆಯಿಂದ ಒಬ್ಬರು ಅವನಿಗೆ ಫೋನ್ ಮಾಡಿದರು.

"ಊರಿನ ಬೀದಿ ಮರಗಳ ಆರೈಕೆಗೆ ಅನುದಾನ ಇದೆ ಸಾರ್. ಸತ್ತ ಮರ ತೆಗೆಯೋಕೆ, ಉಳಿಯೋ ಮರಕ್ಕೆ ಔಷಧಿ ಕೊಡಿಸೋಕೆ, ಹೊಸದು ನೆಡೋಕೆ. ನಿಮ್ಮ ಕಡೆ ಕಾಂಡ ಕೊರೆಯೋ ಹುಳ ಬಂದಿದೆ ಅಂತ ಗೊತ್ತಾಯ್ತು. ಅರ್ಜಿ ಹಾಕ್ತೀರಾ?"

"ಅಯ್ಯೋ ಬೇಡ ಬೇಡ. ನಾವು ಹೇಗೋ ಸುಧಾರಿಸ್ಕೋತೀವಿ. ನಿಜವಾಗ್ಲೂ ಕಷ್ಟ ಇರೋ ಊರಿಗೆ ಕೊಡಿ."

"ಸರಿ ಸಾರ್, ಥ್ಯಾಂಕ್ಸ್" ಎಂದು ಅವರು ಫೋನ್ ಇಟ್ಟರು. ಅನುದಾನ ಬೇರೆ ಯಾವುದೋ ಊರಿಗೆ ಹೋಯಿತು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ಡ್ವೇನ್ ಲೊಕ್ಕನ್ ತನ್ನ ಮನೆ ಮುಂದಿನ ಅಂಚೆ ಡಬ್ಬಿಯ ಹತ್ತಿರ ನಿಂತಿದ್ದ. ಗಾಳಿ ಇರಲಿಲ್ಲ. ಎಲೆ ಅಲುಗದಂತಹ ದಿನ. ಸತ್ತ ಆ್ಯಶ್ ಮರದ ಗುಣವೇ ಅದು, ಒಣಗಿದ ಮೇಲೆ ಹಪ್ಪಳದಂತೆ ಪೆಡಸಾಗುತ್ತದೆ, ಬೀಳಲು ಗಾಳಿ ಬೇಕಾಗುವುದಿಲ್ಲ. ಮೇಲಿನ ಕೊಂಬೆ ಮುರಿದು ಅವನ ತಲೆಯ ಮೇಲೆ ಬಿತ್ತು. ಅವನ ಹೆಂಡತಿ ಆವಿಸ್ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಮುಗಿದುಹೋಗಿತ್ತು.

ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಓರ್ಲಿನ್ ಕೂಡ ಒಬ್ಬ. ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟ ಮಾಡಿದೆವು. ಹವೆಯ ಬಗ್ಗೆ ಮಾತಾಡಿದೆವು, ಮೆಕ್ಕೆಜೋಳದ ಬೆಳೆಯ ಬಗ್ಗೆ ಮಾತಾಡಿದೆವು. ಆ ಫೋನಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ನಮ್ಮೂರಿನ ಈ ಮೌನವನ್ನು ಕೆಲವರು ಸಭ್ಯತೆ ಎನ್ನುತ್ತಾರೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ.

ಆವಿಸ್ ಆ ಚಳಿಗಾಲವೆಲ್ಲ ಮರಗಳ ಬಗ್ಗೆ ಕಲಿಯಲು ಹೋದಳು. ಊರಿನವರಿಗೆ ಮರದ ಆರೈಕೆ ಹೇಳಿಕೊಡುವ ತರಬೇತಿ ಅದು, ಯಾರು ಬೇಕಾದರೂ ಸೇರಬಹುದು. ಗಂಡನನ್ನು ಕೊಂದದ್ದು ಏನು ಎಂದು ತಿಳಿಯದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಿಮ ಕರಗುವ ಹೊತ್ತಿಗೆ ಬೀದಿಯ ಪ್ರತಿ ಮರವನ್ನೂ ಮುಟ್ಟಿ ನೋಡಿದ್ದಳು. ಆಮೇಲೆ ಒಂದು ಮಧ್ಯಾಹ್ನ ಓರ್ಲಿನ್‌ನ ಮನೆಯ ಬಾಗಿಲು ತಟ್ಟಿದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಓರ್ಲಿನ್‌ನ ಹೆಂಡತಿ ಜಾಯ್ಸ್ ಕಾಫಿ ಬೇಕಾ ಎಂದಳು. ಆವಿಸ್ "ಕೊಡು" ಎಂದಳು. ಮೊದಲ ಸಲಕ್ಕೇ. ಜಾಯ್ಸ್ ಒಂದು ಕ್ಷಣ ಹಾಗೇ ನಿಂತುಬಿಟ್ಟಳು.

"ಅನುದಾನ ಈ ವರ್ಷವೂ ಇದೆಯಂತೆ ಓರ್ಲಿನ್. ಗುರುವಾರ ಸಭೆಗೆ ಇಲಾಖೆಯವರು ಬರ್ತಾರೆ. ಕೌನ್ಸಿಲ್ ಪರವಾಗಿ ನೀನು ಹೂಂ ಅನ್ನಬೇಕು."

ಓರ್ಲಿನ್ ಕಪ್ಪನ್ನೇ ನೋಡುತ್ತಿದ್ದ. "ನೋಡು ಆವಿಸ್, ಸರ್ಕಾರದ ದುಡ್ಡು ಅಂದ್ರೆ ಸುಮ್ಮನೆ ಬರಲ್ಲ. ಇವತ್ತು ಕೊಡ್ತಾರೆ, ನಾಳೆ ನನ್ನ ಮನೆ ಮುಂದೆ ಯಾವ ಮರ ಇರಬೇಕು ಅಂತ ಅವರೇ ಹೇಳ್ತಾರೆ."

"ಹೇಳ್ತಾರೆ, ಹೌದು. ಪೂರಾ ಬೀದಿಗೆ ಒಂದೇ ಜಾತಿ ಹಾಕ್ಬೇಡಿ ಅಂತಾರೆ. ತಪ್ಪೇನು?"

"ನಾನು ಮೇಪಲ್ ಅಂದ್ಕೊಂಡಿದ್ದೆ. ಎಲ್ಲಾ ಕಡೆ ಮೇಪಲ್. ಶರತ್ಕಾಲದಲ್ಲಿ ಬೀದಿ ಪೂರಾ ಕೆಂಪಗೆ..."

"ಎಲ್ಮ್ ಹೋಯ್ತು, ಆ್ಯಶ್ ಹಾಕಿದ್ರು. ಆ್ಯಶ್ ಹೋಯ್ತು, ನೀನು ಮೇಪಲ್ ಹಾಕು. ಮೇಪಲ್‌ಗೆ ಬರೋ ಹುಳ ಈಗಾಗಲೇ ಎಲ್ಲೋ ಚೀಲ ಕಟ್ಕೊಂಡು ಹೊರಟಿರುತ್ತೆ" ಎಂದಳು ಆವಿಸ್. ಜಾಯ್ಸ್‌ಗೆ ನಗು ಬಂತು. ಓರ್ಲಿನ್‌ಗೆ ಬರಲಿಲ್ಲ.

"ನಮ್ಮ ಮರ ಇನ್ನೂ ಗಟ್ಟಿ ಇದೆ. ಈ ವರ್ಷ ಚಿಗುರತ್ತೆ."

"ಹೊರಗೆ ಬಾ."

ಮೂವರೂ ಹೊರಗೆ ಬಂದರು. ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲಿನಲ್ಲಿ ಓರ್ಲಿನ್‌ನ ಆ್ಯಶ್ ನಿಂತಿತ್ತು. ಅವನ ಮೊಮ್ಮಗಳು ಬ್ರಿಟ್ಟಾ ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೆ ಕಾಯುವುದು ಅದರ ಕೆಳಗೇ. ಆವಿಸ್ ಒಣ ತೊಗಟೆಯ ಒಂದು ತುಂಡನ್ನು ಕೈಯಿಂದಲೇ ಎಬ್ಬಿಸಿದಳು. ಒಳಗೆ ಹುಳು ತಿಂದ ಹಾದಿಗಳು ಸುರುಳಿ ಸುರುಳಿಯಾಗಿ ಹರಿದಿದ್ದವು.

"ಮರಕ್ಕೆ ನೀರು, ಆಹಾರ ಹರಿಯೋದು ಈ ಪದರದಲ್ಲಿ. ಹುಳ ಇದನ್ನೇ ತಿಂದುಬಿಟ್ಟಿದೆ. ನೋಡು, ಹುಳ ಹೊರಗೆ ಹೋದ ತೂತು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಚಪ್ಪಟೆ. ಬೇರೆ ಹುಳದ್ದು ಹೀಗಿರಲ್ಲ. ಮೇಲೆ ನೋಡು, ಅರ್ಧಕ್ಕಿಂತ ಜಾಸ್ತಿ ಸತ್ತಿದೆ. ಇದಕ್ಕೆ ಔಷಧಿ ಕೊಟ್ರೂ ಪ್ರಯೋಜನ ಇಲ್ಲ. ಚರ್ಚಿನ ಹತ್ತಿರದವು ಇನ್ನೂ ಪರವಾಗಿಲ್ಲ, ಕಾಂಡಕ್ಕೆ ಔಷಧಿ ಹಾಕಿದ್ರೆ ಉಳಿಯುತ್ತವೆ. ತಡ ಮಾಡಿದ್ರೆ ಅವೂ ಇಲ್ಲ."

"ಕೈಗರಗಸ ತಂದು ನಾವೇ ಕೊಂಬೆ ತೆಗೆದ್ರೆ?"

"ಸತ್ತ ಆ್ಯಶ್ ಹತ್ತೋಕೆ ಕಸುಬು ಗೊತ್ತಿರೋರೇ ಹೆದರ್ತಾರೆ ಓರ್ಲಿನ್. ಜಾಯ್ಸ್‌ನೂ ನನ್ನ ಸಾಲಿಗೆ ಸೇರಿಸ್ಬೇಡ."

ಓರ್ಲಿನ್ ಅವಳ ಕೈಯಿಂದ ತೊಗಟೆಯ ತುಂಡು ತೆಗೆದುಕೊಂಡ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೇಳಿದ.

"ಅವತ್ತು ಬೇಡ ಅಂದಿದ್ದು ನಾನೇ."

"ಗೊತ್ತು."

"ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡಿದ್ದೆ. ಮೂರನೇ ಸಲಕ್ಕೆ ಹೂಂ ಅನ್ನೋಣ ಅಂತ. ಫೋನ್ ಇಟ್ಟೇ ಬಿಟ್ರು."

"ಅವರು ನಮ್ಮೂರಿನವರಲ್ಲವಲ್ಲ."

"ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ, ಹೇಳು. ಡ್ವೇನ್ ಹೋದ ಮೇಲೆ ಬೇಕು ಅಂದ್ರೆ ಜನ ಏನಂತಾರೆ?"

ಆವಿಸ್‌ಳ ದನಿ ಏರಲಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಸಿಟ್ಟಿದೆ. ಇನ್ನೂ ಇದೆ. ಆದ್ರೆ ಆ ಫೋನ್ ಡ್ವೇನ್ ಎತ್ತಿದ್ರೂ ಹಾಗೇ ಹೇಳ್ತಿದ್ದ. ನಾನೆತ್ತಿದ್ರೂ ಹಾಗೇ ಹೇಳ್ತಿದ್ದೆ. ಅದಕ್ಕೇ ಸಿಟ್ಟು ಜಾಸ್ತಿ ಕಣೋ. ನಾಚಿಕೆ ನಿಂದು, ಊರಿಂದು ಎಲ್ಲಾ ಪಕ್ಕಕ್ಕಿಡು. ನಾಳೆ ಬೆಳಿಗ್ಗೆ ಬ್ರಿಟ್ಟಾ ಎಲ್ಲಿ ನಿಂತ್ಕೋತಾಳೆ?"

ಜಾಯ್ಸ್ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಮರುದಿನದಿಂದ ಹುಡುಗಿ ಎದುರು ಬದಿಯ ಗರಾಜಿನ ಮುಂದೆ ಬಸ್ಸಿಗೆ ಕಾಯತೊಡಗಿದಳು.

ಗುರುವಾರದ ಸಭೆ ಚರ್ಚಿನ ನೆಲಮಾಳಿಗೆಯಲ್ಲೇ ಆಯಿತು. ಇಲಾಖೆಯಿಂದ ಬಂದ ಮಹಿಳೆಯ ಹೆಸರು ಮೈ ವಾಂಗ್, ಚಿಕ್ಕ ವಯಸ್ಸಿನ ಅಧಿಕಾರಿ. ಅನುದಾನ ಎಂದರೆ ಸಾಲ ಅಲ್ಲ, ತೀರಿಸಬೇಕಾಗಿಲ್ಲ ಎಂದರು. ಕೊಟ್ಟ ಕೆಲಸಕ್ಕೇ ಬಳಸಬೇಕು, ಬಳಸಿದ್ದನ್ನು ತೋರಿಸಬೇಕು ಎಂದರು. ಊರಿನ ಪಾಲು ಏನಾದರೂ ಬೇಕು, ಆದರೆ ಅದನ್ನು ದುಡಿಮೆಯಲ್ಲೂ ಕೊಡಬಹುದು, ಗುಂಡಿ ತೋಡಿ, ನೀರು ಹಾಕಿ. ಎಲ್ಲರಿಗೂ ಸಿಗುತ್ತದೆ ಎಂದು ಮಾತು ಕೊಡಲಾರೆ, ಆದರೆ ಅರ್ಜಿಯನ್ನೇ ಹಾಕದ ಊರಿಗೆ ಖಂಡಿತ ಸಿಗುವುದಿಲ್ಲ ಎಂದರು.

"ಹಾಗಾದ್ರೆ ಟೋರ್ಡಾಲ್ ಅರ್ಜಿ ಹಾಕುತ್ತಾ?"

ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಪಕ್ಕದ ಊರಿನವರ ಮರ ನಮಗಿಂತ ಹಾಳಾಗಿವೆಯಂತಪ್ಪ. ಅವರಿಗೇ..."

ಹಲವರು ತಲೆದೂಗಿದರು. ನೋಡಿ, ಬೀದಿಯಲ್ಲಿ ಒಬ್ಬ ಸತ್ತ ಮೇಲೂ ನಾವು ತಲೆದೂಗಿದೆವು! ಮೈ ವಾಂಗ್ ತಮ್ಮ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದರು. ಆವಿಸ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ತಿರುಗಿ ನೋಡಲಿಲ್ಲ.

ಓರ್ಲಿನ್ ಎದ್ದು ನಿಂತ. ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ.

"ಬೇಕು" ಎಂದ. ಮತ್ತೆ ಹೇಳಿದ. "ನಮಗೆ ಬೇಕಮ್ಮಾ. ಹೋದ ಸಲ ನಿಮ್ಮವರು ಕೇಳಿದಾಗ ಬೇಡ ಅಂದವನು ನಾನು. ಆ ಒಂದು ಮಾತಿಗೆ ಡ್ವೇನ್ ಹೋದ. ಇದು ಇಲ್ಲಿರೋ ಎಲ್ಲರಿಗೂ ಗೊತ್ತು, ಯಾರೂ ಹೇಳ್ಲಿಲ್ಲ. ಅದಕ್ಕೆ ನಾನೇ ಹೇಳ್ತಿದೀನಿ. ನಮ್ಮೂರಿಗೆ ಕಷ್ಟ ಇದೆ. ನಮಗೆ ಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಅಳುತ್ತಿದ್ದರು. ಆವಿಸ್ ಎದ್ದು ಹೋಗಿ ಓರ್ಲಿನ್‌ನ ಪಕ್ಕದ ಕುರ್ಚಿಯಲ್ಲಿ ಕೂತಳು.

ಅನುದಾನ ಬಂತು. ಹುಳುಗಳು ಹಾರಾಡದ ಚಳಿಗಾಲದಲ್ಲಿ, ಕಸುಬು ಬಲ್ಲವರು ಬಂದು ಸತ್ತ ಮರಗಳನ್ನು ಇಳಿಸಿದರು. ಓರ್ಲಿನ್‌ನ ಮರ ಬಿದ್ದಾಗ ಅವನು ಹೊರಗೇ ನಿಂತಿದ್ದ. ಅವನಪ್ಪ ನೆಟ್ಟ ಮರ ಅದು. ಚರ್ಚಿನ ಹತ್ತಿರದ ಮರಗಳಿಗೆ ಔಷಧಿ ಹಾಕಿದರು, ಅವು ಉಳಿದಿವೆ. ವಸಂತದಲ್ಲಿ ಬೇರೆ ಬೇರೆ ಜಾತಿಯ ಸಸಿ ನೆಟ್ಟೆವು. ಒಂದು ಮನೆಯ ಮುಂದೆ ಓಕ್, ಇನ್ನೊಂದರ ಮುಂದೆ ಲಿಂಡೆನ್, ಮತ್ತೊಂದರ ಮುಂದೆ ಹ್ಯಾಕ್‌ಬೆರಿ. ಮೇಪಲ್ ಕೂಡ ಇದೆ, ಓರ್ಲಿನ್‌ನ ಹಟಕ್ಕೆ, ಒಂದೇ ಒಂದು. ಅದರ ಬುಡದ ಮಣ್ಣು ಒಣಗದಿರಲೆಂದು ಅವನು ಪ್ರೀತಿಯಿಂದ ಮರದ ಚೂರುಗಳನ್ನು ಗುಡ್ಡೆ ಹಾಕಿದ್ದ.

"ಏನೋ ಇದು, ಮರಕ್ಕೆ ಚಳಿಯಾಗತ್ತೆ ಅಂತ ಮಫ್ಲರ್ ಸುತ್ತಿದೀಯಾ?" ಎಂದು ಆವಿಸ್ ಬೈದಳು. "ಕಾಂಡಕ್ಕೆ ತಾಗಿಸಿದ್ರೆ ಕೊಳೆಯುತ್ತೆ. ಸುತ್ತಲೂ ತೆಳ್ಳಗೆ ಹರಡು, ಕಾಂಡದ ಬುಡ ಕಾಣೋ ಹಾಗೆ." ಅವನು ಬಗ್ಗಿ ಕೈಯಿಂದಲೇ ಸರಿಸಿದ.

ಈಗ ನಮ್ಮ ಬೀದಿಗೆ ನೆರಳಿಲ್ಲ. ಬಿಸಿಲು ನೇರ ಕಿಟಕಿಗೆ ಹೊಡೆಯುತ್ತದೆ. ಈ ಸಸಿಗಳು ಚಪ್ಪರವಾಗುವ ಹೊತ್ತಿಗೆ ನಮ್ಮಲ್ಲಿ ಬಹಳ ಜನ ಇರುವುದಿಲ್ಲ. ಆವಿಸ್ ಮಾತ್ರ ಸಂಜೆ ಸಂಜೆ ಬಕೆಟ್ ಹಿಡಿದು ನೀರು ಹಾಕುತ್ತಾ ಹೋಗುತ್ತಾಳೆ. ಅಂಚೆ ಡಬ್ಬಿಯ ಹತ್ತಿರ ಬಂದಾಗ ಅವಳು ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಗ ನಾವು ಯಾರೂ ಹೋಗಿ ಮಾತಾಡಿಸುವುದಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಬೀದಿಯಲ್ಲಿ ಆ್ಯಶ್ ಇರಲಿಕ್ಕಿಲ್ಲ. ಮಳೆಮರ ಇರಬಹುದು, ಗುಲ್‌ಮೊಹರ್ ಇರಬಹುದು, ಹೊಂಗೆ ಇರಬಹುದು. ಇವತ್ತು ಹೊರಗೆ ಹೋಗಿ ಒಮ್ಮೆ ಕತ್ತೆತ್ತಿ ನೋಡಿ. ಒಣಕೊಂಬೆ ಕಂಡರೆ ನಗರಸಭೆಗೋ ಪಂಚಾಯಿತಿಗೋ ತಿಳಿಸಿ, ನೀವೇ ಹತ್ತಲು ಹೋಗಬೇಡಿ. ಬುಡಕ್ಕೆ ಸಿಮೆಂಟ್ ಬಳಿದಿದ್ದರೆ ಬಿಡಿಸಲು ಹೇಳಿ, ಬೇರಿಗೆ ಉಸಿರಾಡಲು ಜಾಗ ಬೇಕು. ಕಾಂಡಕ್ಕೆ ಬೋರ್ಡಿನ ಮೊಳೆ ಹೊಡೆಯಲು ಬಿಡಬೇಡಿ. ಹೊಸದಾಗಿ ನೆಡುವಾಗ ಎಲ್ಲಾ ಒಂದೇ ಜಾತಿ ಬೇಡ. ನೆಟ್ಟ ಸಸಿಗೆ ಮೊದಲ ಕೆಲವು ವರ್ಷ ನೀರು ತಪ್ಪಿಸಬೇಡಿ. ಮರಗಳ ಆರೈಕೆಗೆ ಹಣ ಇದೆಯೇ ಎಂದು ವಾರ್ಡಿನ ಸಭೆಯಲ್ಲಿ ಎದ್ದು ಕೇಳಿ. ಇದ್ದರೆ ನಮಗೆ ಬೇಕು ಎನ್ನಿ. ಬಾಯಿ ಬಿಟ್ಟು ಕೇಳಿ, ನಾಚಿಕೊಳ್ಳಬೇಡಿ.

ಆವಿಸ್ ಮರಗಳ ವಿಷಯ ಕಲಿತದ್ದು ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ. ನೀವು ಅದಕ್ಕೆ ಮೊದಲೇ ಕಲಿಯಿರಿ.