ಎರಡನೆಯ ಸ್ಲೈಡ್

ಹೊಲಿಗೆ ಯಂತ್ರದ ಮುಂದಿನಿಂದ ಏಳುವಾಗ ಅಕ್ಕ ಗೋಡೆ ಹಿಡಿದುಕೊಂಡಳು. ಡಾಕ್ಟರ್ ತಂಗಿ ಅದನ್ನು ನೋಡಿಯೂ ನೋಡದವಳಂತೆ ಕಾಫಿ ಹೀರಿದಳು.

"ಮಂಡಿ ನೋವು ಪರವಾಗಿಲ್ಲ ಕಣೇ. ಆದ್ರೆ ಪಾದ ನೋಡು, ಬನ್ ಥರ ಊದಿದೆ. ಚಪ್ಪಲಿನೇ ಹತ್ತಲ್ಲ."

"ಯಾವಾಗಿಂದ?"

"ನೀನು ಮಂಡಿ ನೋವಿಗೆ ಆ ಮಾತ್ರೆ ಕೊಟ್ಟಾಗಿಂದ. ನನ್ನ ತಂಗೀನೇ ಸಂಶೋಧನೆ ಮಾಡಿರೋದು ಅಂತ ಬೀದಿಯವರಿಗೆಲ್ಲ ಡಂಗುರ ಹೊಡೆದಿದ್ದೀನಿ. ಈಗ ಬಿಡೋಕಾಗುತ್ತಾ?"

ತಂಗಿ ಕಾಫಿ ಲೋಟ ಕೆಳಗಿಟ್ಟಳು. ಆ ಮಾತ್ರೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗಲೂ ಕಾಲು ಊದಿಕೊಂಡವರಿದ್ದರು. ಅವರೆಲ್ಲ ನಡುವೆ ಬಿಟ್ಟುಹೋದರೆಂದು ಬರೆದು ಲೆಕ್ಕದಿಂದ ತೆಗೆದದ್ದು ಅವಳ ತಂಡವೇ. ಮಾತ್ರೆಯ ಕಂಪನಿ ಅವಳ ಭಾಷಣಗಳಿಗೆ ಸಂಭಾವನೆ ಕೊಡುತ್ತಿತ್ತು, ವಿಮಾನದ ಟಿಕೆಟ್ ಕಳಿಸುತ್ತಿತ್ತು. ಸುಳ್ಳು ಬರೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಷ್ಟು ಚೆನ್ನಾಗಿ ನೋಡಿಕೊಂಡಿದ್ದರು.

"ಇವತ್ತು ಅದನ್ನ ನುಂಗಬೇಡ ಅಕ್ಕ. ಸಂಜೆ ಬರ್ತೀನಿ" ಎಂದು ಎದ್ದಳು. ಯಾಕೆಂದು ಹೇಳದೆಯೇ ಹೊರಟಳು.

ಅಂದು ವೈದ್ಯರ ಸಮ್ಮೇಳನದಲ್ಲಿ ಅವಳ ಭಾಷಣವಿತ್ತು. ಯಾರಿಂದ ಹಣ ಪಡೆದಿದ್ದೇವೆಂದು ಎರಡನೆಯ ಸ್ಲೈಡಿನಲ್ಲಿ ತೋರಿಸಬೇಕೆಂಬುದು ನಿಯಮ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗಬೇಕೆಂಬುದು ಪದ್ಧತಿ. ಓದಿ ಮುಗಿಸಿದವರಿಗೆ ಬಹುಮಾನ ಎಂದು ಹಿರಿಯರು ತಮಾಷೆ ಮಾಡುತ್ತಿದ್ದರು. ಅಂದು ಅವಳು ಮುಂದಿನ ಸ್ಲೈಡಿನ ಗುಂಡಿ ಒತ್ತಲಿಲ್ಲ.

"ಈ ಕಂಪನಿಯಿಂದ ನಾನು ದುಡ್ಡು ತಗೊಂಡಿದ್ದೀನಿ. ಕಾಲು ಊದಿದವರನ್ನ ನಾವು ಲೆಕ್ಕಕ್ಕೆ ಸೇರಿಸಿಲ್ಲ. ಇದನ್ನ ನೆನಪಿಟ್ಟುಕೊಂಡು ಮುಂದಿನದನ್ನ ಕೇಳಿ."

ಆಕಾಶವೇನೂ ಕಳಚಿ ಬೀಳಲಿಲ್ಲ. ಯಾರೋ ಕೆಮ್ಮಿದರು. ಮುಂದಿನ ಸಾಲಿನವರು ಫೋನ್ ನೋಡಿಕೊಂಡರು. ಕೊನೆಗೆ ಬಂದ ಪ್ರಶ್ನೆ ಒಂದೇ: "ಮೇಡಂ, ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?"

ಹೊರಗೆ ಅವಳ ವಿಭಾಗದ ಮುಖ್ಯಸ್ಥರು ಸಿಕ್ಕರು. ಅವರು ಸಿಟ್ಟೂ ಮಾಡಿಕೊಳ್ಳಲಿಲ್ಲ.

"ಕಂಪನಿ ದುಡ್ಡು ಬೇಡ ಅಂದ್ರೆ ಸಂಶೋಧನೆಗೆ ಇನ್ಯಾರು ಕೊಡ್ತಾರಮ್ಮ? ಎಲ್ಲರ ಬಾಗಿಲೂ ತಟ್ಟಿ ಸಾಕಾಗಿದೆ ನನಗೆ. ವಿಭಾಗಕ್ಕೆ ಬೀಗ ಹಾಕೋಣವಾ?"

ಅವರ ಮಾತು ಸುಳ್ಳಲ್ಲವೆಂಬುದೇ ಅವಳಿಗೆ ಹೆಚ್ಚು ಸಂಕಟ ತಂದಿತು.

ಸಂಜೆ ಅಕ್ಕನ ಎದುರು ಕೂತು ಒಂದೂ ಬಿಡದೆ ಹೇಳಿದಳು. ನಾಳೆಯೇ ರಕ್ತ ಪರೀಕ್ಷೆ ಮಾಡಿಸಬೇಕೆಂದಳು. ಅಕ್ಕ ಕಿಟಕಿಯಾಚೆ ಬೀದಿಯತ್ತ ನೋಡಿದಳು.

"ನನ್ನ ಮಾತು ಕೇಳಿ ಬೀದಿಯವರೂ ತಗೊಳ್ತಿದಾರಲ್ಲೇ..."

"ಮನೆಮನೆಗೆ ಹೋಗಿ ನಾನೇ ಹೇಳ್ತೀನಿ ಅಕ್ಕ."

"ಹೇಳು. ನಾನೂ ಬಿಟ್ಟೆ ಅನ್ಕೋ. ಆದ್ರೆ ನಾಳೆ ಮಂಡಿ ಹಿಡ್ಕೊಂಡ್ರೆ ಯಾರ ಹತ್ರ ಹೋಗ್ಲಿ? ಆ ಕಂಪನಿ ದುಡ್ಡು ಮುಟ್ಟದೇ ಇರೋ ಒಬ್ಬ ಡಾಕ್ಟರ್ ಹೆಸರು ಹೇಳು, ಸಾಕು."

ತಂಗಿ ತನಗೆ ಗೊತ್ತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡಳು. ಎಲ್ಲರ ಎರಡನೆಯ ಸ್ಲೈಡಿನಲ್ಲೂ ಅದೇ ಕಂಪನಿಯ ಹೆಸರಿತ್ತು. ಅಕ್ಕ ಅವಳ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.