ಹಿಡಿಯ ತಳದ ಸಂಖ್ಯೆ

ಬಂದೂಕು ಮೇಳದಲ್ಲಿ ಮೇಜು ಹಾಕಿಕೊಂಡು ಕೂರುವುದು ನನಗೆ ಸಾಕಾಗಿದೆ. ಮೂವತ್ತನಾಲ್ಕು ವರ್ಷದಿಂದ ತಿಂಗಳಿಗೊಂದು ಶನಿವಾರ, ಒಹಾಯೊದ ಯಾವುದಾದರೂ ಊರಿನ ದನದ ಪ್ರದರ್ಶನದ ಹಾಲ್‌ನಲ್ಲಿ ಹಸಿರು ಬಟ್ಟೆ ಹಾಸಿ, ಹಳೆಯ ಪೊಲೀಸ್ ರಿವಾಲ್ವರ್‌ಗಳನ್ನು ಸಾಲಾಗಿ ಇಟ್ಟು ಕೂತಿದ್ದೇನೆ. ಮಾರುವುದಕ್ಕಿಂತ ಮಾತೇ ಹೆಚ್ಚು. ಜನ ಅಜ್ಜನದೋ ಮಾವನದೋ ರಿವಾಲ್ವರನ್ನು ಕಾಲುಚೀಲದಲ್ಲಿ ಸುತ್ತಿ ತಂದು ಯಾವ ವರ್ಷದ್ದು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅರ್ಧ ಜನ ನಂಬುವುದಿಲ್ಲ. ನಳಿಗೆಯ ಮೇಲಿನ ಪೇಟೆಂಟ್ ತಾರೀಖನ್ನೇ ತಯಾರಾದ ತಾರೀಖು ಎಂದು ಹಟ ಹಿಡಿಯುತ್ತಾರೆ.

ಅಂಥವರನ್ನು ಗೇಲಿ ಮಾಡಲು ಪಕ್ಕದ ಕುರ್ಚಿಯಲ್ಲಿ ಲಾಯ್ಡ್ ಕೆಸ್ಲರ್ ಇರುತ್ತಿದ್ದ. ಈ ವರ್ಷ ಅವನು ಬಂದಿಲ್ಲ. ಶ್ವಾಸಕೋಶ ಕೈಕೊಟ್ಟಿದೆ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಮನೆಯಲ್ಲೇ ಇದ್ದಾನೆ. ಹೆಚ್ಚೆಂದರೆ ಕ್ರಿಸ್‌ಮಸ್‌ವರೆಗೆ ಎಂದು ವೈದ್ಯರು ಅವನ ಹೆಂಡತಿ ನಾರ್ಮಾಗೆ ಹೇಳಿದ್ದಾರೆ.

ಲಾಯ್ಡ್ ಹ್ಯಾಲಮ್ ಫೋರ್ಜ್ ಊರಿನಲ್ಲಿ ಪೊಲೀಸ್ ಆಗಿದ್ದವನು. ಎಪ್ಪತ್ತನಾಲ್ಕರ ಮಾರ್ಚ್‌ನಲ್ಲಿ ಲಾಂಡ್ರಿಯ ಹಿಂದಿನ ಓಣಿಯಲ್ಲಿ ಡೆನ್ನಿಸ್ ಟ್ರೂಯೆಟ್ ಎಂಬ ಹದಿನೇಳರ ಹುಡುಗನಿಗೆ ಗುಂಡು ಹೊಡೆದ. ಹುಡುಗ ಸತ್ತ. ಅವನು ಚಾಕು ಎತ್ತಿದ್ದ, ಲಾಯ್ಡ್‌ನದು ತಪ್ಪಿಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮೂರನೇ ವಾರಕ್ಕೆ ಅದೇ ರಿವಾಲ್ವರನ್ನು ಅವನ ಸೊಂಟಕ್ಕೇ ವಾಪಸು ಕೊಟ್ಟರು. ಇನ್ನೂ ಹದಿನಾರು ವರ್ಷ ಅದನ್ನು ಹೊತ್ತು ತಿರುಗಿದ. ತೊಂಬತ್ತರಲ್ಲಿ ಇಲಾಖೆ ಹೊಸ ಪಿಸ್ತೂಲುಗಳನ್ನು ತರಿಸಿಕೊಂಡು, ರಿವಾಲ್ವರ್‌ಗಳನ್ನೆಲ್ಲ ಒಂದೇ ಕಂತೆಯಲ್ಲಿ ಒಬ್ಬ ವ್ಯಾಪಾರಿಗೆ ಮಾರಿತು. ಲಾಯ್ಡ್ ಆಗ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದ. ವಾಪಸು ಬಂದು ನೋಡಿದರೆ ಕಪಾಟು ಖಾಲಿ.

ಅಂದಿನಿಂದ ಅವನು ಅದನ್ನು ಹುಡುಕುತ್ತಿದ್ದಾನೆ. ನನ್ನಂತೆ ಸಂಗ್ರಹಕ್ಕಲ್ಲ.

‘ಯಾರೋ ಅದನ್ನ ಗೋಡೆಗೆ ಹಾಕ್ಕೊಂಡು ನೆಂಟರಿಗೆ ತೋರಿಸ್ತಿರ್ತಾರೆ ಕಣೋ,’ ಎನ್ನುತ್ತಿದ್ದ. ‘ಅದು ಏನು ಮಾಡಿದೆ ಅಂತ ಅವರಿಗೆ ಗೊತ್ತಿಲ್ಲ. ನಾನು ಸಾಯೋದ್ರೊಳಗೆ ಅದನ್ನ ಕುಯ್ದು ಹಾಕ್ಬೇಕು.’

ಕೆಲಸಕ್ಕೆ ಸೇರಿದಾಗ ಇಲಾಖೆ ಕೊಟ್ಟ ರಿವಾಲ್ವರಿನ ರಸೀದಿ ಅವನ ಪರ್ಸಿನಲ್ಲಿತ್ತು: ಸಂಖ್ಯೆ 57318. ಈ ಸಂಖ್ಯೆ ಪಿಟ್ಸ್‌ಬರ್ಗ್‌ವರೆಗಿನ ಪ್ರತಿ ಸಂಗ್ರಹಕಾರನ ನೋಟ್‌ಬುಕ್ಕಿನಲ್ಲೂ ಇದೆ. ಆ ಕಾಲದವಕ್ಕೆ ಸಂಖ್ಯೆಯ ಆರಂಭದಲ್ಲಿ ‘ಡಿ’ ಅಕ್ಷರ ಇರಬೇಕು. ಗುಮಾಸ್ತ ಬರೆಯಲು ಮರೆತಿದ್ದಾನೆ ಎಂದು ನಾವು ಮಹಾ ತಜ್ಞರೇ ತೀರ್ಮಾನಿಸಿ ಸೇರಿಸಿಕೊಂಡೆವು. ವರ್ಷಕ್ಕೂ ಹೊಂದುತ್ತಿತ್ತು. ಹಾಗಾಗಿ ಯಾರೂ ಮತ್ತೆ ಅದರ ಬಗ್ಗೆ ಯೋಚಿಸಲಿಲ್ಲ.

ಕಳೆದ ಶನಿವಾರ ಒಬ್ಬ ಹೆಂಗಸು ತನ್ನ ಚಿಕ್ಕಪ್ಪನ ರಿವಾಲ್ವರ್ ತಂದಳು. ನನಗೆ ಮಂಡಿ ನೋಯುತ್ತಿತ್ತು, ಕಾಫಿ ಆರಿಹೋಗಿತ್ತು.

‘ಇದರ ನಂಬರ್ 41206 ಸರ್. ಇಂಟರ್ನೆಟ್ಟಲ್ಲಿ ನೋಡಿದ್ರೆ ಮೊದಲನೇ ಮಹಾಯುದ್ಧಕ್ಕಿಂತ ಹಿಂದಿನದು ಅಂತ ಬರ್ತಿದೆ.’

‘ನಿಮ್ಮ ಚಿಕ್ಕಪ್ಪನಿಗಿಂತ ಹಳೇದಾಯ್ತಲ್ಲ. ಎಲ್ಲಿ ನೋಡಿದ್ರಿ ಆ ನಂಬರ್‌ನ?’

ಅವಳು ಸಿಲಿಂಡರನ್ನು ಪಕ್ಕಕ್ಕೆ ತಳ್ಳಿ, ಚೌಕಟ್ಟಿನ ಒಳಗಿನ ಸಂಖ್ಯೆ ತೋರಿಸಿದಳು.

‘ಅದಲ್ಲಮ್ಮ. ಅದು ಕಾರ್ಖಾನೇಲಿ ಬಿಡಿ ಭಾಗ ಅದಲು ಬದಲು ಆಗ್ಬಾರ್ದು ಅಂತ ಕೆಲಸದವರು ಹಾಕ್ಕೊಳ್ಳೋ ಗುರುತು. ನಿಜವಾದ್ದು ಹಿಡಿ ತಳದಲ್ಲಿರತ್ತೆ. ಈ ದಪ್ಪ ಮರದ ಹಿಡಿ ಅದನ್ನ ಮುಚ್ಚಿದೆ. ಸ್ಕ್ರೂ ಬಿಚ್ಚಿ ನೋಡ್ಬೇಕು.’

‘ಅಷ್ಟಕ್ಕೆ ಯಾರು ಸ್ಕ್ರೂ ಬಿಚ್ಚುತ್ತಾ ಕೂರ್ತಾರೆ ಸರ್?’

ಅವಳ ಮಾತಿಗೆ ನನಗೆ ಲಾಯ್ಡ್‌ನ ರಸೀದಿ ನೆನಪಾಯಿತು. ಹ್ಯಾಲಮ್ ಫೋರ್ಜ್ ಇಲಾಖೆಯ ರಿವಾಲ್ವರ್‌ಗಳಿಗೂ ಇಂಥದೇ ದಪ್ಪ ಹಿಡಿ ಹಾಕಿಸಿದ್ದರು. ಅಲ್ಲಿನ ಗುಮಾಸ್ತನೂ ಸ್ಕ್ರೂ ಬಿಚ್ಚಿರಲಿಕ್ಕಿಲ್ಲ. ಸಿಲಿಂಡರ್ ತಳ್ಳಿ ಒಳಗೆ ಕಂಡ ಗುರುತನ್ನೇ ರಸೀದಿಯಲ್ಲಿ ಬರೆದುಕೊಟ್ಟಿದ್ದಾನೆ. ಮೂವತ್ತು ವರ್ಷ ನಾವೆಲ್ಲ ಹಿಡಿಯ ತಳವನ್ನೇ ತಿರುಗಿಸಿ ತಿರುಗಿಸಿ ನೋಡಿದ್ದೇವೆ.

ಮಧ್ಯಾಹ್ನಕ್ಕೇ ಮೇಜು ಎತ್ತಿದೆ. ‘ಏನ್ ವೆಂಡೆಲ್, ಅಂಗಡಿ ಮುಚ್ಚಿ ಮದುವೆಗೆ ಹೊರಟ್ಯಾ?’ ಎಂದು ಪಕ್ಕದ ಮೇಜಿನವನು ಕಿಚಾಯಿಸಿದ. ನಾನು ಪೆಟ್ಟಿಗೆಗಳನ್ನು ಕಾರಿಗೆ ತುಂಬಿ ಮನೆಗೆ ಹೊರಟೆ.

ನನ್ನ ಗ್ಯಾರೇಜಿನ ಕಪಾಟಿನಲ್ಲಿ ಹ್ಯಾಲಮ್ ಫೋರ್ಜ್‌ನವು ಮೂರು ಇದ್ದವು. ವ್ಯಾಪಾರಿ ಅವಕ್ಕೆ ಹೊಸದಾಗಿ ಕಪ್ಪು ಬಣ್ಣ ಏರಿಸಿ, ತೆಳು ಹಿಡಿ ಹಾಕಿ ಮಾರಿದ್ದ. ಮೊದಲನೆಯದರ ಸಿಲಿಂಡರ್ ತೆರೆದೆ, ಅಲ್ಲ. ಎರಡನೆಯದರ ಚೌಕಟ್ಟಿನೊಳಗೆ ಟಾರ್ಚ್ ಬಿಟ್ಟರೆ 57318 ಎಂದಿತ್ತು.

ಲಾಯ್ಡ್ ಮೊದಲ ಸಲ ನನ್ನ ಮೇಜಿಗೆ ಬಂದ ದಿನ ಈ ಮೂರನ್ನೂ ಎತ್ತಿ, ತಳ ಓದಿ, ತಲೆಯಾಡಿಸಿ ಇಟ್ಟಿದ್ದ. ಅವನ ಮುಖ ನೋಡಲಾರದೆ ಕಾಫಿ ಕೊಡಿಸಿದ್ದೆ. ನಮ್ಮ ಸ್ನೇಹ ಶುರುವಾದದ್ದೇ ಹಾಗೆ. ಊರಿಗೆಲ್ಲ ವರ್ಷ ಹೇಳುವ ನಾನು, ಒಂದೇ ಒಂದು ಸಲವೂ ಸಿಲಿಂಡರ್ ತಳ್ಳಿ ಒಳಗಿನ ಸಂಖ್ಯೆ ಓದಿರಲಿಲ್ಲ. ಅದನ್ನು ಓದುವುದು ಹೊಸಬರ ತಪ್ಪು ಎಂಬ ಜಂಬ. ತುಂಬ ನಾಚಿಕೆಯಾಯಿತು.

ಲಾಯ್ಡ್‌ನ ಮನೆಗೆ ಕಾರಿನಲ್ಲಿ ಹೋಗುವಾಗ ಒಂದು ಸುಳ್ಳನ್ನು ಸಿದ್ಧಮಾಡಿಕೊಂಡೆ. ಈರಿ ಎಂಬ ಊರಿನಲ್ಲಿ ಯಾರದೋ ಹತ್ತಿರ ಸಿಕ್ಕಿತು ಎನ್ನುವುದು, ಗರಗಸ ಹಾಕುವುದು, ಮುಗಿಸುವುದು. ಗರಗಸವೂ ಸೀಟಿನ ಮೇಲಿತ್ತು. ಆದರೆ ಲಾಯ್ಡ್‌ನ ಮಂಚದ ಪಕ್ಕ ಕೂತಾಗ ಸುಳ್ಳು ಹೇಳಲೂ ತ್ರಾಣ ಇರಲಿಲ್ಲ. ಎಲ್ಲವನ್ನೂ ಇದ್ದ ಹಾಗೆ ಹೇಳಿದೆ.

ಅವನು ರಿವಾಲ್ವರನ್ನು ಎರಡೂ ಕೈಯಲ್ಲಿ ಹಿಡಿದು, ಗುಂಡು ಹಾರಿಸಲು ಎಳೆಯುವ ಕುದುರೆಯ ಮೇಲೆ ಬೆರಳಿಟ್ಟ.

‘ಇದು ಕುದುರೆ ಹಗುರ ಇರೋದು ಅಲ್ವೇನೋ? ನಿನ್ನ ಹಿತ್ತಲಲ್ಲಿ ಬೀನ್ಸ್ ಡಬ್ಬಿ ಹೊಡೆದಿದ್ವಲ್ಲ.’

‘ಹೌದು. ನಿನ್ನ ಅರವತ್ತನೇ ಹುಟ್ಟುಹಬ್ಬಕ್ಕೆ.’

‘ಆರಕ್ಕೆ ಆರೂ ಬೀಳಿಸಿದ್ದೆ. ಎಲ್ಲಕ್ಕಿಂತ ಇದೇ ಕೈಗೆ ಕೂರತ್ತೆ, ಮಾರಬೇಡ ಅಂತ ನಾನೇ ಹೇಳಿದ್ದೆ. ನಕ್ಕಿದ್ದೆ ವೆಂಡೆಲ್, ಇದನ್ನ ಹಿಡ್ಕೊಂಡು ನಕ್ಕಿದ್ದೆ. ಮುಟ್ಟಿದ ತಕ್ಷಣ ಗೊತ್ತಾಗತ್ತೆ ಅಂದ್ಕೊಂಡಿದ್ದೆ.’

ನಾನು ಗರಗಸ ತೆಗೆದೆ. ‘ಕೊಡು, ಕುಯ್ತೀನಿ.’

‘ಇರು.’ ಅವನು ಕುದುರೆಯ ಸುತ್ತಿನ ಕಂಬಿಗೆ ನಾನು ಕಟ್ಟಿದ್ದ ಚೀಟಿಯನ್ನು ಕನ್ನಡಕದ ಹತ್ತಿರ ತಂದುಕೊಂಡ. ನಾವು ಸಂಗ್ರಹಕಾರರು ಎಲ್ಲಕ್ಕೂ ಕಟ್ಟುತ್ತೇವೆ, ಮಾದರಿ, ವರ್ಷ, ಎಲ್ಲಿತ್ತು ಎಂದು. ‘ಸಾವಿರದೊಂಬೈನೂರ ಅರವತ್ತೆಂಟು. ಹ್ಯಾಲಮ್ ಫೋರ್ಜ್ ಪೊಲೀಸ್. ಸ್ಥಿತಿ ಚೆನ್ನಾಗಿದೆ,’ ಎಂದು ಓದಿದ. ‘ಇಷ್ಟೇ ಏನೋ? ಕುಯ್ದುಬಿಟ್ರೆ ಇಷ್ಟೂ ಇರಲ್ಲ. ನನಗೇ ಗುರುತು ಸಿಗಲಿಲ್ಲ ಅಂದ್ಮೇಲೆ ಇನ್ಯಾರಿಗೆ ಸಿಗತ್ತೆ? ಹೊಸ ಚೀಟಿ ಬರಿ. ಯಾರೇ ತಗೊಂಡ್ರೂ ಓದ್ಕೊಂಡೇ ತಗೋಬೇಕು.’

‘ಯಾರೂ ತಗೊಳ್ಳಲ್ಲ.’

‘ಒಳ್ಳೇದಾಯ್ತು.’

ಅವನು ಹೇಳಿದಂತೆ ಬರೆದೆ. ಮಾರ್ಚ್ ಹನ್ನೊಂದು, ಎಪ್ಪತ್ತನಾಲ್ಕು. ಲಾಂಡ್ರಿಯ ಓಣಿ. ಡೆನ್ನಿಸ್ ಟ್ರೂಯೆಟ್, ಹದಿನೇಳು ವರ್ಷ. ಹೊಡೆದವನು ಲಾಯ್ಡ್ ಕೆಸ್ಲರ್. ಪ್ರತಿ ಸಾಲಿಗೂ ಅವನು ಉಸಿರಿಗಾಗಿ ನಿಲ್ಲಬೇಕಾಗುತ್ತಿತ್ತು.

‘ಕರ್ತವ್ಯದ ಮೇಲಿದ್ದಾಗ ಅಂತ ಸೇರಿಸ್ಲಾ?’ ಎಂದೆ.

‘ಬೇಡ. ಹುಡುಗನ ಕೈಯಲ್ಲಿ ಏನೂ ಇರ್ಲಿಲ್ಲ ಅಂತ ಬರಿ.’

ನಾನು ತಲೆಯೆತ್ತಿದೆ. ‘ಚಾಕು?’

‘ಚಾಕು ನಂದು ಕಣೋ.’

ಅಡುಗೆಮನೆಯಲ್ಲಿ ನಾರ್ಮಾ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಂತಿತು. ಅವಳು ಬಾಗಿಲಿಗೆ ಬಂದು, ಒದ್ದೆ ಕೈಯಲ್ಲೇ ಚೌಕಟ್ಟು ಹಿಡಿದು ನಿಂತಳು. ಲಾಯ್ಡ್ ಅವಳ ಕಡೆ ನೋಡಲಿಲ್ಲ.

‘ಬರಿ, ವೆಂಡೆಲ್,’ ಎಂದ.

ಬರೆದೆ.